ಸಾಂದರ್ಭಿಕ ಚಿತ್ರ

ಕನ್ನಡ ಪಾಠ ಹೇಳಿ ಜೀವನ ಸಾಗಿಸುವ ನನ್ನಂಥವರಿಗೆ ‘ಸಂದರ್ಭ’ ಎಂಬ ಮಾತಿನಲ್ಲಿ ಸಲಿಗೆಯೂ ಉಂಟು, ಭಯವೂ ಉಂಟು. ಪರೀಕ್ಷೆಯಲ್ಲಿ ‘ಸಂದರ್ಭದೊಡನೆ ವಿವರಿಸಿ’ ಎಂಬ ಪ್ರಶ್ನೆ ಬಾರದ ವರ್ಷವೇ ಇಲ್ಲ. ಯಾರು, ಯಾರಿಗೆ, ಯಾವಾಗ ಈ ಮಾತನ್ನು ಹೇಳಿದರು ಎಂಬಷ್ಟನ್ನು ಸರಿಯಾಗಿ ಬರೆದರೆ ಅರ್ಧಕ್ಕರ್ಧ ಅಂಕ ಕೈಗೆ ಬಂದಂತೆಯೇ. ಅದನ್ನು ಬಿಟ್ಟು, ಕರ್ಣನ ಮಾತನ್ನು ದುರ್ಯೋಧನನ ಬಾಯಿಗೆ ಹಾಕಿದ ಹುಡುಗ ಆಮೇಲೆ ಎರಡು ಪುಟ ಸ್ವಾರಸ್ಯವನ್ನು ಬಣ್ಣಿಸಿದರೂ ಕೆಂಪು ಶಾಯಿ ಅವನನ್ನು ಬಿಡುವುದಿಲ್ಲ.

ಆದ್ದರಿಂದಲೇ ಏನೋ, ಪತ್ರಿಕೆಯ ಚಿತ್ರಗಳ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಸಾಂದರ್ಭಿಕ ಚಿತ್ರ’ ಎಂದು ಅಚ್ಚಾಗಿರುವುದನ್ನು ಕಂಡಾಗಲೆಲ್ಲ ನನ್ನೊಳಗಿನ ಮೇಷ್ಟರು ಎದ್ದು ಕೂರುತ್ತಾರೆ. ವ್ಯಾಕರಣದ ದಾರಿ ಹಿಡಿದರೆ, ಸಂದರ್ಭಕ್ಕೆ ಸೇರಿದ್ದು ಯಾವುದೋ ಅದು ಸಾಂದರ್ಭಿಕ. ಪತ್ರಿಕೆಯ ದಾರಿಯೇ ಬೇರೆ. ಈ ಚಿತ್ರಕ್ಕೂ ಮೇಲೆ ಹೇಳಿದ ಸಂದರ್ಭಕ್ಕೂ ಯಾವ ನಂಟೂ ಇಲ್ಲ, ಓದುಗರು ದಯವಿಟ್ಟು ಮನ್ನಿಸಬೇಕು ಎಂಬಷ್ಟು ದೊಡ್ಡ ವಾಕ್ಯವನ್ನು ಅಲ್ಲಿ ಆ ಒಂದು ಮಾತಿನಲ್ಲಿ ಮುಗಿಸಿರುತ್ತಾರೆ. ತನ್ನ ಅರ್ಥಕ್ಕೇ ಹೀಗೆ ಬೆನ್ನು ತಿರುಗಿಸಿ ನಿಂತ ಪದ ನಮ್ಮ ನಿಘಂಟುಗಳಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ.

ಎಲ್ಲ ವಿಷಯಗಳಲ್ಲಿಯೂ ಇದರಿಂದ ಹಾನಿ ಇಲ್ಲ ಅನ್ನಿ. ಈರುಳ್ಳಿಯ ಬೆಲೆ ಏರಿತೆಂಬ ಸುದ್ದಿಗೆ ಯಾವ ಊರಿನ ಈರುಳ್ಳಿಯ ಚಿತ್ರ ಹಾಕಿದರೂ ನಡೆಯುತ್ತದೆ. ಈರುಳ್ಳಿ ತಕರಾರು ಮಾಡುವುದಿಲ್ಲ, ಕೊಳ್ಳುವವರ ಕಣ್ಣೀರಂತೂ ಎಲ್ಲ ಊರಿನಲ್ಲಿಯೂ ಒಂದೇ. ಚಿನ್ನ, ಮಳೆ, ಪರೀಕ್ಷೆಯ ಫಲಿತಾಂಶ, ಇವುಗಳದೂ ಅದೇ ಮಾತು. ಆದರೆ ರೈಲಿನ ಸುದ್ದಿಗೆ ‘ಯಾವುದೋ ಒಂದು ರೈಲು’ ಎಂದು ಹಾಕುವ ಚಿತ್ರ ಹಾಗಲ್ಲವೆಂದು ನನಗೆ ತಿಳಿಸಿಕೊಟ್ಟವರು ನಮ್ಮ ಮಾವನವರು.

ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. (2022ರಿಂದ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂದು ಹೆಸರಾಗಿದೆ. ‘ನಾವು ಮ್ಯಾನೇಜು ಮಾಡಿದ್ದು ನಮ್ಮ ಟಿಫಿನ್ ಡಬ್ಬಿ ಒಂದನ್ನೇ’ ಎಂದು ಅವರು ನಗುತ್ತಾರೆ.) ಹಾಸನ–ಮಂಗಳೂರು ದಾರಿ 1979ರಲ್ಲಿ ಪೂರ್ತಿ ತೆರೆದ ಮೇಲೆ ಬಹಳ ಕಾಲ ಆ ಘಟ್ಟದಲ್ಲಿ ಗಾಡಿಯ ಕೊನೆಯ ಡಬ್ಬಿಯಲ್ಲಿ ಕುಳಿತು ಇಳಿದವರು, ಹತ್ತಿದವರು. ಈಗ ಎಂಬತ್ತರ ಹತ್ತಿರ. ಬೆಳಗ್ಗೆ ಕಾಫಿಯ ಜೊತೆಗೆ ಪತ್ರಿಕೆ ಹಿಡಿದರೆಂದರೆ ಮೊದಲು ಹುಡುಕುವುದು ರೈಲಿನ ಸುದ್ದಿಯನ್ನು. ಸುದ್ದಿಯನ್ನು ಓದುವುದಕ್ಕಿಂತ ಮುಂಚೆ ಚಿತ್ರವನ್ನು ಓದುತ್ತಾರೆ. ಹೌದು, ಓದುತ್ತಾರೆ, ನಾವು ನೋಡುವುದು ಬೇರೆ, ಅವರು ಓದುವುದು ಬೇರೆ. ಹಳಿಗಳ ನಡುವಿನ ಅಗಲ, ಮೇಲೆ ತಂತಿ ಇದೆಯೋ ಇಲ್ಲವೋ, ಡಬ್ಬಿಯ ಕಿಟಕಿಗಳ ಆಕಾರ, ಎರಡು ಡಬ್ಬಿಗಳನ್ನು ಕೂಡಿಸುವ ಕೊಂಡಿ, ಕೊನೆಯ ಡಬ್ಬಿಯ ಹಿಂದಿನ ಗುಣಾಕಾರದ ಗುರುತು: ಇವು ಅವರಿಗೆ ಅಕ್ಷರಗಳು. ಒಂದು ನಿಮಿಷದಲ್ಲಿ ತೀರ್ಪು ಹೊರಬೀಳುತ್ತದೆ.

2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಗುಡ್ಡ ಕುಸಿದು ಮಂಗಳೂರು ಕಡೆಯ ಗಾಡಿಗಳು ನಿಂತಾಗ ಒಂದು ಪತ್ರಿಕೆ (ಹೆಸರು ಬೇಡ) ಅದಕ್ಕೊಂದು ಮನೋಹರ ಚಿತ್ರವನ್ನು ಹಾಕಿತ್ತು. ಹಾಲು ಸುರಿದಂತೆ ಜಲಪಾತ. ಅದರ ಎದುರಿಗೆ ಕಮಾನುಗಳ ಸೇತುವೆ. ಸೇತುವೆಯ ಮೇಲೆ ರೈಲು.

‘ಏನು ಅಳಿಯಂದಿರೇ, ನಮ್ಮ ಘಟ್ಟ ಯಾವಾಗ ಗೋವೆಗೆ ಹೋಯಿತು?’ ಎಂದರು ಮಾವನವರು.

‘ಯಾಕೆ ಮಾವ?’

‘ಇದು ದೂಧ್‌ಸಾಗರ ಅಲ್ಲವೇ? ಕ್ಯಾಸಲ್‌ರಾಕ್ ಇಳಿದು ಕುಳೆಗೆ ಹೋಗುವ ದಾರಿ. ಅಲ್ಲಿ ಮೂವತ್ತೇಳಕ್ಕೆ ಒಂದು ಇಳಿಜಾರು. ನಮ್ಮದು ಐವತ್ತಕ್ಕೆ ಒಂದು. ಎರಡೂ ಒಂದೇ ಆಯಿತೇ?’

ಮೂವತ್ತೇಳು ಅಡಿ ಸಾಗಿದರೆ ಒಂದಡಿ ಇಳಿಯುವುದಕ್ಕೂ ಐವತ್ತಡಿಗೆ ಒಂದಡಿ ಇಳಿಯುವುದಕ್ಕೂ ಏನು ಮಹಾ ಭೇದವೆಂದು ನಮಗೆ ತೋರಬಹುದು. ಬ್ರೇಕು ಹಿಡಿಯುವವನನ್ನು ಕೇಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ 55 ಕಿಲೋಮೀಟರು, 57 ಸುರಂಗ. ಅಲ್ಲಿ ಮಣ್ಣು ಕುಸಿದಿದ್ದ ಜಾಗದಲ್ಲಿ ಮಳೆಯಲ್ಲಿ ನೆನೆಯುತ್ತ ಕಲ್ಲು ತುಂಬಿದ ಚೀಲಗಳನ್ನು ಜೋಡಿಸುತ್ತಿದ್ದ ಆಳುಗಳಿದ್ದರು. ಪತ್ರಿಕೆ ಓದುವವರು ಕಂಡದ್ದು ಜಲಪಾತವನ್ನು. ‘ಎಷ್ಟು ಚೆನ್ನಾಗಿದೆ!’ ಎಂದಳು ನನ್ನ ಮಗಳು. ಗುಡ್ಡ ಕುಸಿದ ಸುದ್ದಿಯನ್ನು ಓದಿ ಒಂದು ಮಗು ಹಾಗೆನ್ನುವಂತಾದರೆ, ಆ ಸುದ್ದಿ ಎಲ್ಲಿಗೆ ಹೋಯಿತು?

ಮಾವನವರ ಎಲ್ಲ ಆಕ್ಷೇಪಗಳನ್ನೂ ನಾನು ಒಪ್ಪುತ್ತೇನೆಂದಲ್ಲ. ಪತ್ರಿಕೆಗಳು ಡಬ್ಬಿಯನ್ನು ‘ಬೋಗಿ’ ಎಂದು ಬರೆದರೆ ಅವರಿಗೆ ಸಿಟ್ಟು. ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟಂತೆ. ಜನ ಕೂರುವುದು ಬೋಗಿಯಲ್ಲಲ್ಲ, ಬೋಗಿಯ ಮೇಲೆ. ‘ಬೋಗಿಯಲ್ಲಿ ಐವತ್ತು ಜನ ಸಿಕ್ಕಿಕೊಂಡಿದ್ದಾರೆ ಅಂತ ಬರೀತಾರಲ್ಲ, ಹೆಗ್ಗಣಗಳೇ ಅವರು?’ ಎನ್ನುತ್ತಾರೆ. ಕನ್ನಡದವರೆಲ್ಲ ಸೇರಿ ಒಂದು ಮಾತಿಗೆ ಒಂದು ಅರ್ಥವನ್ನು ಕೊಟ್ಟ ಮೇಲೆ ಅದೇ ಅರ್ಥ, ರೂಢಿಯೇ ದೊಡ್ಡದು ಎಂದು ನಾನು ವಾದಿಸುತ್ತೇನೆ. ಈ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ರಾಜಿಯಾಗಿಲ್ಲ.

ಆದರೆ ರೂಢಿ ಎಂಬ ಆ ಮಾತೇ ನನ್ನನ್ನು ಯೋಚನೆಗೆ ಹಚ್ಚಿತು. ಹೈಸ್ಕೂಲಿನ ವ್ಯಾಕರಣದಲ್ಲಿ ನಾವೆಲ್ಲ ಓದಿದ್ದೇವೆ: ನದಿ, ಬೆಟ್ಟ, ಹುಡುಗ ಎಂಬುವು ರೂಢನಾಮ, ಕಾವೇರಿ, ಹಿಮಾಲಯ, ರಾಮ ಎಂಬುವು ಅಂಕಿತನಾಮ. ಭಾಷೆಗೆ ಎರಡೂ ಬರುತ್ತವೆ. ‘ಒಂದು ರೈಲು ಹೋಯಿತು’ ಎಂದು ನಾನು ಹೇಳಬಲ್ಲೆ; ಯಾವ ರೈಲೆಂದು ನೀವು ಕೇಳಬೇಕಾಗಿಲ್ಲ. ಬಳಪದಿಂದ ಕರಿಹಲಗೆಯ ಮೇಲೆ ‘ಒಂದು ರೈಲಿನ’ ಚಿತ್ರವನ್ನೂ ಬರೆಯಬಲ್ಲೆ. ಅದು ಯಾವ ಊರಿನದೂ ಅಲ್ಲ. ಹಿಂದಿನ ಕಾಲದ ಪತ್ರಿಕೆಗಳಲ್ಲಿ ಹೊಗೆಯುಗುಳುವ ಎಂಜಿನ್ನಿನ ಸಣ್ಣ ಬ್ಲಾಕನ್ನು ಮಾಡಿಸಿಟ್ಟುಕೊಂಡು ವೇಳಾಪಟ್ಟಿ ಬದಲಾದಾಗ ಅದನ್ನೇ ಹಾಕುತ್ತಿದ್ದರಲ್ಲ, ಅದರಿಂದ ಯಾರೂ ಮೋಸ ಹೋಗುತ್ತಿರಲಿಲ್ಲ. ಛಾಯಾಚಿತ್ರಕ್ಕೆ ಈ ಶಕ್ತಿ ಇಲ್ಲ. ಅದಕ್ಕೆ ರೂಢನಾಮ ಬಾರದು. ಕ್ಯಾಮರಾದ ಎದುರಿಗೆ ‘ಒಂದು ರೈಲು’ ಎಂಬುದು ಎಂದೂ ಬಂದು ನಿಂತದ್ದಿಲ್ಲ. ನಿಂತದ್ದು ಇಂಥ ದಿನ, ಇಂಥ ಹಳಿಯ ಮೇಲೆ, ಇಂಥವರು ಒಳಗೆ ಕುಳಿತಿದ್ದ, ಇಂಥದೇ ರೈಲು. ಪತ್ರಿಕೆಯವರು ಮಾಡುವುದೇನೆಂದರೆ, ಒಂದು ಅಂಕಿತನಾಮವನ್ನು ತಂದು ರೂಢನಾಮದ ಜಾಗದಲ್ಲಿ ಕೂರಿಸುವುದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪತ್ರಿಕೆಯಲ್ಲಿ ಉಪಸಂಪಾದಕ. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಈ ಸಿದ್ಧಾಂತವನ್ನು ಅವನ ಮುಂದಿಟ್ಟೆ. ಅವನು ಗೌರವದಿಂದಲೇ ಕೇಳಿದ. ಆಮೇಲೆ, ‘ಸಾರ್, ರಾತ್ರಿ ಹನ್ನೊಂದಕ್ಕೆ ಸುದ್ದಿ ಬರುತ್ತೆ. ಹನ್ನೊಂದೂವರೆಗೆ ಪುಟ ಹೋಗಬೇಕು. ಪುಟದಲ್ಲಿ ಚಿತ್ರಕ್ಕೆ ಅಂತ ಮೊದಲೇ ಜಾಗ ಬಿಟ್ಟಿರ್ತಾರೆ. ನಾನು ಕಂಪ್ಯೂಟರಿನಲ್ಲಿ ರೈಲು ಅಂತ ಹೊಡೆದರೆ ಸಾವಿರ ರೈಲು ಬಂದು ನಿಲ್ಲುತ್ತೆ. ನಾನು ರೂಢನಾಮವನ್ನೇ ಕೇಳಿದ್ದು ಸಾರ್. ಅದು ಅಂಕಿತನಾಮ ಕೊಟ್ಟರೆ ನಾನೇನು ಮಾಡಲಿ?’ ಎಂದ.

‘ಜಾಗವನ್ನು ಖಾಲಿ ಬಿಡಪ್ಪ’ ಎಂದೆ.

‘ಖಾಲಿ ಬಿಟ್ಟರೆ ನಾನೂ ಖಾಲಿ ಸಾರ್’ ಎಂದು ನಕ್ಕ. ಒಳ್ಳೆಯ ಹುಡುಗ, ಸಂದರ್ಭದ ಪ್ರಶ್ನೆಯಲ್ಲಿ ಎಂದೂ ಅಂಕ ಕಳೆದುಕೊಂಡವನಲ್ಲ. ಅವನ ಕಷ್ಟ ನಿಜವಾದ ಕಷ್ಟವೇ.

ಆ ಸಾವಿರ ರೈಲುಗಳಲ್ಲಿ ಎಲ್ಲರಿಗಿಂತ ಹೆಚ್ಚು ಸಂಚಾರ ಮಾಡಿರುವುದು, ನೀವೂ ನೋಡಿರುತ್ತೀರಿ, ಮೈತುಂಬ ಜನರನ್ನು ಹೊತ್ತ ಒಂದು ರೈಲು. ಛಾವಣಿಯ ಮೇಲೆ ಜನ, ಎಂಜಿನ್ನಿನ ಮೂತಿಯ ಮೇಲೆ ಜನ. ಜೇನುಗೂಡಿಗೆ ಮುತ್ತಿದ ಹುಳುಗಳಂತೆ ಎಲ್ಲೆಲ್ಲಿಯೂ ಜನ. ಭಾರತದ ಜನಸಂಖ್ಯೆ, ಭಾರತದ ಬಡತನ, ಭಾರತದ ರೈಲ್ವೆ ಬಜೆಟ್ಟು ಯಾವುದರ ಮೇಲೆ ಬರೆದರೂ ಅದೇ ಚಿತ್ರ. ಹೊರದೇಶದವರೂ ಹಾಕುತ್ತಾರೆ, ನಮ್ಮವರೂ ಹಾಕುತ್ತಾರೆ. ಆ ಬಗೆಯ ಬಹುಪಾಲು ಚಿತ್ರಗಳು ಬಾಂಗ್ಲಾದೇಶದವು. ಢಾಕಾ ನಗರದ ಹತ್ತಿರ ಟೊಂಗಿ ಎಂಬಲ್ಲಿ ಚಳಿಗಾಲದಲ್ಲಿ ವಿಶ್ವ ಇಜ್ತೆಮಾ ಎಂಬ ದೊಡ್ಡ ಧಾರ್ಮಿಕ ಸಮಾವೇಶ ಸೇರುತ್ತದೆ. ಅದು ಮುಗಿದು ಜನ ಹಿಂದಿರುಗುವಾಗ, ಮತ್ತು ಈದ್ ಹಬ್ಬಕ್ಕೆ ಢಾಕಾದ ಕೂಲಿಗಳೂ ಕಾರಖಾನೆಯ ಹುಡುಗಿಯರೂ ಊರಿಗೆ ಹೊರಟಾಗ ರೈಲುಗಳು ಹೀಗೆ ತುಂಬುತ್ತವೆ. ಅಲ್ಲಿಯ ರೈಲು ದಾರಿಗಳ ಮೇಲೆ ವಿದ್ಯುತ್ ತಂತಿ ಇಲ್ಲ. ನಮ್ಮ ದೇಶದಲ್ಲಿ ಈಗ ಬಹುತೇಕ ಎಲ್ಲ ಬ್ರಾಡ್‌ಗೇಜ್ ದಾರಿಗಳ ಮೇಲೂ 25 ಸಾವಿರ ವೋಲ್ಟಿನ ತಂತಿ ಹಾದಿದೆ. ಅದರ ಕೆಳಗೆ ಛಾವಣಿಯ ಮೇಲೆ ಎದ್ದು ನಿಂತವನು ಚಿತ್ರ ತೆಗೆಸಿಕೊಳ್ಳಲು ಉಳಿಯುವುದಿಲ್ಲ.

ಹಾಗೆಂದು ನಮ್ಮಲ್ಲಿ ಯಾರೂ ಛಾವಣಿ ಹತ್ತಿಲ್ಲವೆಂದು ಎದೆ ತಟ್ಟಿಕೊಳ್ಳುವಂತಿಲ್ಲ. 2011ರ ಫೆಬ್ರವರಿ 1ರಂದು ಉತ್ತರಪ್ರದೇಶದ ಬರೇಲಿಯಲ್ಲಿ ಅರೆಸೇನೆಯ ಕೆಲವೇ ನೂರು ಹುದ್ದೆಗಳಿಗೆ ಲಕ್ಷಕ್ಕೂ ಮೀರಿ ಯುವಕರು ಬಂದಿದ್ದರು. ಕೆಲಸ ಸಿಕ್ಕದೆ ಹಿಂದಿರುಗುವಾಗ ಹಿಮಗಿರಿ ಎಕ್ಸ್‌ಪ್ರೆಸ್ಸಿನ ಛಾವಣಿ ಹತ್ತಿದವರಲ್ಲಿ ಹಲವರು ಶಹಜಹಾನಪುರದ ಬಳಿ ಕಾಲುಸೇತುವೆಗೆ ಬಡಿದು ಸತ್ತರು. ಅದು ನಿರುದ್ಯೋಗದ ಚಿತ್ರ. ಟೊಂಗಿಯದು ಪ್ರಾರ್ಥನೆ ಮುಗಿಸಿ ಮನೆಗೆ ಹೋಗುವವರ ಚಿತ್ರ. ಈದ್‌ನದು ವರ್ಷಕ್ಕೊಮ್ಮೆ ತಾಯಿಯ ಮುಖ ನೋಡಲು ಹೊರಟವರ ಚಿತ್ರ. ಮೂರಕ್ಕೂ ಛಾವಣಿ ಒಂದೇ ಆಗಿರಬಹುದು, ಹತ್ತಿದ ಕಾರಣ ಒಂದೇ ಅಲ್ಲ.

ಹಳೆಯ ಚಿತ್ರಗಳ ಪಾಡೂ ಇದೇ. ಏಪ್ರಿಲ್ 16 ಬಂತೆಂದರೆ, 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ಕಥೆಯನ್ನು ಬರೆಯುತ್ತಾರೆ. ಪಕ್ಕದಲ್ಲಿ ‘ಫೇರಿ ಕ್ವೀನ್’ ಎಂಬ ಚೆಂದದ ಪುಟ್ಟ ಎಂಜಿನ್ನಿನ ಚಿತ್ರ ಕಾಣಿಸಿಕೊಳ್ಳುವುದುಂಟು. ಆ ಎಂಜಿನ್ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತಯಾರಾದದ್ದು 1855ರಲ್ಲಿ. ಬಂದಿಳಿದದ್ದು ಮುಂಬಯಿಗಲ್ಲ, ಕಲ್ಕತ್ತೆಗೆ. ಮೊಮ್ಮಗಳು ಅಜ್ಜಿಯ ಮದುವೆಯಲ್ಲಿ ಬಡಿಸಿದಳು ಎಂದಂತಾಯಿತು. ಠಾಣೆಯ ಗಾಡಿಯನ್ನು ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳು.

ಇನ್ನೊಂದು ಚಿತ್ರವನ್ನಂತೂ ಜಗತ್ತೇ ಬಲ್ಲದು. ಪ್ಯಾರಿಸ್ಸಿನ ಮೊಂಪರ್ನಾಸ್ ನಿಲ್ದಾಣದ ಗೋಡೆಯನ್ನು ಒಡೆದುಕೊಂಡು ಬಂದ ಉಗಿ ಎಂಜಿನ್ನೊಂದು ಮೂತಿ ಕೆಳಗಾಗಿ ಬೀದಿಯ ಮೇಲೆ ನಿಂತಿರುವ ಚಿತ್ರ. 1895ರ ಅಕ್ಟೋಬರ್ 22ರದು. ಗ್ರಾನ್‌ವಿಲ್‌ನಿಂದ ಬಂದ ಆ ಗಾಡಿ ತಡವಾಗಿತ್ತು, ವೇಗವಾಗಿ ಬಂತು, ಬ್ರೇಕು ಹಿಡಿಯಲಿಲ್ಲ. ಈಗ ಅದು ಆಡಳಿತದ ಎಡವಟ್ಟಿಗೂ ಸಾಂದರ್ಭಿಕ, ಪರೀಕ್ಷೆ ಡುಮ್ಕಿ ಹೊಡೆದ ತಮಾಷೆಗೂ ಸಾಂದರ್ಭಿಕ. ನೋಡಿದವರಿಗೆ ನಗು ಬರುತ್ತದೆ; ಎಂಜಿನ್ನಿನ ಭಂಗಿಯೇ ಹಾಗಿದೆ. ಗಾಡಿಯಲ್ಲಿದ್ದವರೆಲ್ಲ ಬದುಕಿಕೊಂಡರು. ಸತ್ತವಳು ಕೆಳಗೆ ಬೀದಿಯಲ್ಲಿದ್ದ ಒಬ್ಬ ಹೆಂಗಸು. ಪತ್ರಿಕೆ ಮಾರುವ ಗಂಡ ಅತ್ತ ಹೋಗಿದ್ದಾಗ ಅಂಗಡಿ ನೋಡಿಕೊಳ್ಳುತ್ತ ನಿಂತಿದ್ದಳು. ಒಡೆದ ಗೋಡೆಯ ಕಲ್ಲು ಮೇಲೆ ಬಿತ್ತು. ಪತ್ರಿಕೆಯವರಾದರೂ ಅವಳನ್ನು ನೆನೆಯಬೇಕಾಗಿತ್ತು.

ಇವೆಲ್ಲ ದೂರದ ಮಾತು, ಹಳೆಯ ಮಾತು. ನಮ್ಮ ಬೀದಿಗೇ ಬಂದ ಒಂದು ಚಿತ್ರದ ವಿಷಯ ಹೇಳಬೇಕು.

2023ರ ಜೂನ್ 2, ಶುಕ್ರವಾರ ಸಂಜೆ ಏಳರ ಹೊತ್ತಿಗೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ನಡೆದದ್ದು ಓದುಗರಿಗೆ ನೆನಪಿರುತ್ತದೆ. ಚೆನ್ನೈ ಕಡೆಗೆ ನೇರವಾಗಿ ಹೋಗಬೇಕಾಗಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ತಿರುಗಿ, ಅಲ್ಲಿ ನಿಂತಿದ್ದ ಕಬ್ಬಿಣದ ಅದಿರಿನ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಸಿಡಿದ ಡಬ್ಬಿಗಳು ಪಕ್ಕದಲ್ಲಿ ಎದುರಿನಿಂದ ಹಾದುಹೋಗುತ್ತಿದ್ದ ಬೆಂಗಳೂರು–ಹೌರಾ ಗಾಡಿಯ ಬಾಲಕ್ಕೆ ಬಡಿದವು. ಸತ್ತವರು 290ಕ್ಕೂ ಹೆಚ್ಚು. ಬೆಂಗಳೂರಿನ ಗಾಡಿಯಲ್ಲಿ ಕಳಸದ ಕಡೆಯಿಂದ ಸಮ್ಮೇದ ಶಿಖರ್ಜಿಗೆ ಹೊರಟಿದ್ದ ನೂರಕ್ಕೂ ಮೀರಿದ ಯಾತ್ರಿಕರಿದ್ದರು. ಅವರೆಲ್ಲ ಕ್ಷೇಮ ಎಂಬ ಸುದ್ದಿ ಬರುವತನಕ ಮಲೆನಾಡಿನಲ್ಲಿ ಅದೆಷ್ಟು ಮನೆಗಳಲ್ಲಿ ಒಲೆ ಹೊತ್ತಲಿಲ್ಲವೋ.

ನಮ್ಮ ಕಾಲೇಜಿನ ಎದುರಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಒಬ್ಬ ಹುಡುಗನೂ ಅದರಲ್ಲಿದ್ದ. ಬಂಗಾಳದ ಮೇದಿನೀಪುರದವನು, ಎರಡು ವರ್ಷದ ಮೇಲೆ ಊರಿಗೆ ಹೊರಟಿದ್ದ. ಶನಿವಾರ ಬೆಳಗ್ಗೆ ಹೋಟೆಲಿನ ಯಜಮಾನರು ಗಲ್ಲಾಪೆಟ್ಟಿಗೆಯನ್ನು ಬಿಟ್ಟು ನೇರವಾಗಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೊಬೈಲು. ಯಾರೋ ಕಳಿಸಿದ ಚಿತ್ರ: ಸೇತುವೆಯಿಂದ ಜೋತುಬಿದ್ದ ಡಬ್ಬಿ, ಕೆಳಗೆ ಹೊಳೆ, ಹೊಳೆಯಲ್ಲಿ ಅರ್ಧ ಮುಳುಗಿದ ಇನ್ನೊಂದು ಡಬ್ಬಿ. ‘ಬೆಂಗಳೂರಿನಿಂದ ಹೊರಟ ರೈಲಿನ ಸ್ಥಿತಿ’ ಎಂಬ ಬರಹ.

‘ನೋಡಿ ರಾಯರೇ, ಏನಾದರೂ ಉಳಿದಿರಬಹುದೇ?’ ಎಂದು ಮಾವನವರ ಮುಂದೆ ಹಿಡಿದರು. ಬೆರಳು ನಡುಗುತ್ತಿತ್ತು. ಹುಡುಗನ ತಾಯಿಗೆ ಫೋನು ಮಾಡಿ ಏನು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು ಎಂಬುದೇ ಅವರಿಗೆ ದೊಡ್ಡ ಯೋಚನೆಯಾಗಿತ್ತು.

ಮಾವನವರು ಕನ್ನಡಕ ಏರಿಸಿ ಚಿತ್ರವನ್ನು ಓದಿದರು. ‘ಹೌರಾ–ಮದ್ರಾಸ್ ದಾರಿ ಪೂರಾ ಕರೆಂಟು ಲೈನು. ಇದರಲ್ಲಿ ಒಂದು ಕಂಬ ತೋರಿಸಿ ನೋಡೋಣ. ಮತ್ತೆ ಪೇಪರಿನಲ್ಲಿ ಸ್ಟೇಷನ್ ಹತ್ತಿರ ಬಯಲಿನಲ್ಲಿ ಆಯಿತು ಅಂತ ಇದೆ. ಈ ಹೊಳೆ ಎಲ್ಲಿಂದ ಬಂತು? ಇದು ಆ ಗಾಡಿಯಲ್ಲ. ಎಂದಿನದೋ, ಎಲ್ಲಿಯದೋ’ ಎಂದರು.

ಯಜಮಾನರು ಜಗಲಿಯ ಮೇಲೆ ಕುಳಿತುಬಿಟ್ಟರು. ನನ್ನ ಹೆಂಡತಿ ನೀರು ತಂದುಕೊಟ್ಟಳು. ಆಮೇಲೆ ಮಾವನವರು ಮೆಲ್ಲಗೆ ಕೇಳಿದರು: ‘ಹುಡುಗ ಜನರಲ್ ಡಬ್ಬಿಯಲ್ಲಿ ತಾನೇ ಹೋದದ್ದು? ಮುಂದಿನದೋ, ಹಿಂದಿನದೋ?’ ಅದು ಯಾರಿಗೂ ತಿಳಿಯದು. ಬಡವರ ಡಬ್ಬಿಗಳು ಗಾಡಿಯ ಎರಡು ತುದಿಗಳಲ್ಲಿರುತ್ತವೆ. ಪೆಟ್ಟು ಬಿದ್ದದ್ದು ಹಿಂದಿನ ತುದಿಗೆ.

ಭಾನುವಾರ ಮಧ್ಯಾಹ್ನ ಹುಡುಗನದೇ ಫೋನು ಬಂತು. ಮುಂದಿನ ಡಬ್ಬಿಯಲ್ಲಿದ್ದನಂತೆ. ಅಲ್ಲಿಯತನಕ ಆ ಯಜಮಾನರು ಮೊಬೈಲಿನ ಆ ಚಿತ್ರವನ್ನು ಅಳಿಸಿರಲಿಲ್ಲ. ಸುಳ್ಳೆಂದು ತಿಳಿದ ಮೇಲೂ ರಾತ್ರಿ ತೆಗೆದು ತೆಗೆದು ನೋಡುತ್ತಿದ್ದರೆಂದು ಅವರ ಮಗ ಹೇಳಿದ.

ಅದೇ ದಿನಗಳಲ್ಲಿ ಇನ್ನೆರಡು ಚಿತ್ರಗಳು ದೇಶವನ್ನೆಲ್ಲ ಸುತ್ತಿದವು. ಒಂದು, ಅಪಘಾತದ ಜಾಗವನ್ನು ಮೇಲಿನಿಂದ ತೆಗೆದದ್ದು. ಇದು ನಿಜವಾದ ಚಿತ್ರವೇ; ಜಾಗ ಅದೇ, ದಿನ ಅದೇ. ಹಳಿಯ ಪಕ್ಕದಲ್ಲಿ ಒಂದು ಬಿಳಿಯ ಕಟ್ಟಡ ಕಾಣುತ್ತಿತ್ತು. ಅದಕ್ಕೊಂದು ಬಾಣದ ಗುರುತು ಹಾಕಿ, ಮಸೀದಿ ಎಂದು ಬರೆದು, ಅಪಘಾತವಾದದ್ದು ಶುಕ್ರವಾರವೆಂದೂ ಸೇರಿಸಿದರು. ಆ ಕಟ್ಟಡ ಇಸ್ಕಾನ್‌ನವರ ಕೃಷ್ಣಮಂದಿರ. ಒಡಿಶಾದ ಪೊಲೀಸರು ಇಂಥ ಮಾತನ್ನು ಹರಡಬೇಡಿರೆಂದು ಜೂನ್ 4ರಂದು ಎಚ್ಚರಿಕೆ ಕೊಡಬೇಕಾಯಿತು. ಚಿತ್ರ ನಿಜವಾಗಿದ್ದು ಕೆಳಗಿನ ಬರಹ ಮಾತ್ರ ಸುಳ್ಳಾದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇದು ಸಾಕು.

ಎರಡನೆಯದು ಒಬ್ಬ ಸ್ಟೇಷನ್ ಮಾಸ್ತರರ ಚಿತ್ರ. ಇವನೇ ಬಹಾನಗಾದ ಸ್ಟೇಷನ್ ಮಾಸ್ತರ, ಗಾಡಿಗೆ ತಪ್ಪು ದಾರಿ ಕೊಟ್ಟು ಓಡಿಹೋಗಿದ್ದಾನೆ ಎಂದು ಬರೆದು, ಒಂದು ಮುಸಲ್ಮಾನ ಹೆಸರನ್ನೂ ಅಂಟಿಸಿದ್ದರು. ಬಹಾನಗಾದ ಮಾಸ್ತರರು ಓಡಿಹೋಗಿರಲಿಲ್ಲ, ಅವರ ಹೆಸರೂ ಅದಲ್ಲ. ಆ ಚಿತ್ರ 2004ರದು. ರೈಲಿನ ಹುಚ್ಚಿರುವ ಪ್ರವಾಸಿಯೊಬ್ಬರು ಕೊತ್ತವಲಸ–ಕಿರಂದುಲ್ ದಾರಿಯಲ್ಲಿ, ಪೂರ್ವಘಟ್ಟದ ಒಂದು ನಿಲ್ದಾಣದಲ್ಲಿ ತೆಗೆದದ್ದು. ಹತ್ತೊಂಬತ್ತು ವರ್ಷಗಳ ಹಿಂದೆ, ನೂರಾರು ಮೈಲಿ ದೂರದಲ್ಲಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದ ಮನುಷ್ಯ.

ಇದನ್ನು ಓದಿ ಹೇಳಿದಾಗ ಮಾವನವರು ಎಂದಿನಂತೆ ನಗಲಿಲ್ಲ. ‘ಯಾವನೋ ಬಂದು, ಒಂದು ಫೋಟೋ ತೆಗೆಯಲೇ ಸಾರ್ ಅಂದಿರ್ತಾನೆ. ಇವನು ಶರ್ಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತಿರ್ತಾನೆ. ನಮಗೂ ಆಸೆ ಇರುತ್ತಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ನನ್ನದೂ ಒಂದಿದೆ. ಮೀಟರ್‌ಗೇಜ್ ತೆಗೆಯುವುದಕ್ಕೆ ಎರಡು ವರ್ಷ ಮುಂಚೆ ಎಡಕುಮೇರಿಯಲ್ಲಿ ಯಾರೋ ಜರ್ಮನಿಯವರು ತೆಗೆದುಕೊಂಡರು. ಕೈಯಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದೆ. ಕಳಿಸ್ತೀನಿ ಅಂದರು, ಕಳಿಸಲಿಲ್ಲ’ ಎಂದರು. ಇಷ್ಟು ವರ್ಷ ಆ ಚಿತ್ರದ ಮಾತೆತ್ತಿದಾಗಲೆಲ್ಲ ಅವರ ದನಿಯಲ್ಲಿ ಇದ್ದದ್ದು ಸಿಕ್ಕಲಿಲ್ಲವಲ್ಲ ಎಂಬ ಬೇಸರ. ಆ ದಿನ ಇದ್ದದ್ದು ಬೇರೆ. ಎಲ್ಲಿದೆಯೋ, ಯಾರ ಕೈಯಲ್ಲಿದೆಯೋ, ನಾಳೆ ಯಾವ ಊರಿನಲ್ಲಿ ಯಾವ ಗಾಡಿ ಮುರಿದುಬಿದ್ದರೆ ಅದರ ಗಾರ್ಡೆಂದು ತಮ್ಮ ಮುಖವೇ ಹೊರಡುವುದೋ!

ಬಹಾನಗಾದ ಅಪಘಾತಕ್ಕೆ ಕಾರಣವೇನೆಂದು ರೈಲ್ವೆ ಸುರಕ್ಷತಾ ಆಯುಕ್ತರು 2023ರ ಜುಲೈ ಹೊತ್ತಿಗೆ ವರದಿ ಕೊಟ್ಟರು. ಸಿಗ್ನಲ್ಲಿನ ತಂತಿಗಳನ್ನು ತಪ್ಪಾಗಿ ಜೋಡಿಸಿದ್ದು ಮುಖ್ಯ ಕಾರಣ. ಲೆವೆಲ್ ಕ್ರಾಸಿಂಗಿನ ಬಳಿಯ ಪೆಟ್ಟಿಗೆಯೊಳಗೆ ತಂತಿಗಳಿಗೆ ಹಚ್ಚಿದ್ದ ಹೆಸರಿನ ಚೀಟಿಗಳೇ ತಪ್ಪಾಗಿದ್ದು, ವರ್ಷಗಟ್ಟಲೆ ಯಾರೂ ಅದನ್ನು ಕಂಡಿರಲಿಲ್ಲವಂತೆ. ಒಂದು ತಂತಿಯ ಹೆಸರು ಇನ್ನೊಂದರ ಮೇಲೆ. ಇದನ್ನು ಓದಿದ ಮಾವನವರು ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. ಆ ದಿನ ಬೇರೇನೂ ಓದಲಿಲ್ಲ.

ಅಪಘಾತವಾದ ಮರುದಿನದಿಂದಲೇ ಅಲ್ಲಿ ಇನ್ನೊಂದು ಬಗೆಯ ಚಿತ್ರಗಳನ್ನು ಇಟ್ಟಿದ್ದರು. ಪತ್ರಿಕೆಗಾಗಿ ತೆಗೆದವಲ್ಲ. ಬಾಲೇಶ್ವರದ ಹತ್ತಿರ ಒಂದು ದೊಡ್ಡ ಸಭಾಂಗಣದಲ್ಲಿ ಹೆಣಗಳನ್ನು ಸಾಲಾಗಿ ಇರಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಮುಖದ ಚಿತ್ರ ತೆಗೆದು, ಹುಡುಕಿಕೊಂಡು ಬಂದವರಿಗೆ ತೋರಿಸುತ್ತಿದ್ದರು. ಮುಖ ಗುರುತು ಸಿಕ್ಕುವಂತಿರಲಿಲ್ಲ. ಒಂದೇ ಚಿತ್ರವನ್ನು ಇಬ್ಬರು ನಮ್ಮವನೆಂದರು. ಒಬ್ಬರ ಮಗನನ್ನು ಇನ್ನೊಬ್ಬರು ಒಯ್ದದ್ದೂ ಆಯಿತು. ಕೊನೆಗೆ ಡಿಎನ್‌ಎ ಪರೀಕ್ಷೆಗೆ ರಕ್ತ ಕೊಟ್ಟು ಜನ ಭುವನೇಶ್ವರದಲ್ಲಿ ವಾರಗಟ್ಟಲೆ ಕಾದರು. ನಮ್ಮ ಹೋಟೆಲಿನ ಹುಡುಗನ ಪಕ್ಕದ ಹಳ್ಳಿಯವರೂ ಕಾದವರಲ್ಲಿದ್ದರಂತೆ. ಶ್ರಾವಣದಲ್ಲಿ ಹಿಂದಿರುಗಿ ಬಂದ ಮೇಲೆ ತನ್ನ ಹರಕು ಕನ್ನಡದಲ್ಲಿ ಅವನು ಹೇಳಿದ್ದು ಅಷ್ಟೇ: ‘ಫೋಟೋ ನೋಡಿದ್ರು. ಎಲ್ಲಾ ಒಂದೇ ಥರಾ ಇತ್ತು.’

ಅಕ್ಟೋಬರ್ ಬಂದರೂ ಭುವನೇಶ್ವರದ ಏಮ್ಸ್ ಆಸ್ಪತ್ರೆಯಲ್ಲಿ 28 ದೇಹಗಳು ಉಳಿದಿದ್ದವು. ಯಾರೂ ಬರಲಿಲ್ಲ. ಆ ತಿಂಗಳಲ್ಲಿ ನಗರಪಾಲಿಕೆಯವರು ಅವುಗಳನ್ನು ದಹನ ಮಾಡಿಸಿದರು. ಚಿತೆಗೆ ಬೆಂಕಿ ಕೊಡಲು ಕೆಲವರು ಹೆಂಗಸರು ತಾವಾಗಿ ಮುಂದೆ ಬಂದರೆಂದು ಪತ್ರಿಕೆಗಳಲ್ಲಿತ್ತು. ಆ 28 ಜನರ ಸಂಖ್ಯೆಗಳಿವೆ. ಚಿತ್ರಗಳ ಕೆಳಗೆ ಬರೆಯಲು ಹೆಸರು ಸಿಕ್ಕಲಿಲ್ಲ.